ಅಕ್ಕನನ್ನು ಕೇಳಿದ್ದು

ನನ್ನನ್ನು ನೋಡಲು ಬಂದವರು ಅಕ್ಕನ ವಿಷಯ ಕೇಳಿದರು.

ಮತ್ತಿಕೆರೆಯ ನಮ್ಮ ಮನೆಗೆ ಅವತ್ತು ಇಬ್ಬರು ಬಂದಿದ್ದರು. ಹುಡುಗ ಚನ್ನಕೇಶವ, ಅವರ ಸೋದರತ್ತೆ ಗೋಪಾಲಮ್ಮ. ತಾಯಿ ಇಲ್ಲದ ಹುಡುಗನನ್ನು ಸಾಕಿ, ಓದಿಸಿ, ಹೆಬ್ಬಾಳದ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತನಾಗುವವರೆಗೆ ತಂದವರು ಆಕೆಯೇ. ಹುಡುಗ ತಲೆ ತಗ್ಗಿಸಿಕೊಂಡು ಕೇಸರಿಬಾತು ತಿಂದರು. ಇನ್ನೊಂದು ಚಮಚ ಬಡಿಸಲು ಹೋದಾಗ "ಸಾಕು" ಎಂದರು. ನಾನು ಅವರ ಬಾಯಿಂದ ಕೇಳಿದ್ದು ಅದೊಂದೇ ಮಾತು.

"ಹುಡುಗಿಗೆ ಮಾತು ಕಮ್ಮಿ ಅಲ್ವಾ?" ಎಂದರು ಗೋಪಾಲಮ್ಮ.

"ಕಮ್ಮಿ ಕಣ್ರೀ, ಬಹಳ ಕಮ್ಮಿ" ಎಂದಳು ಅಮ್ಮ ಸಂತೋಷದಿಂದ.

"ಒಳ್ಳೇದು. ಎಲ್ಲೀವರೆಗೂ ಓದಿದ್ದಾಳೆ?"

"ಒಂಬತ್ತನೇ ಕ್ಲಾಸು. ನಮ್ಮ ಅತ್ತೆ ಬಿದ್ದು ಸೊಂಟ ಮುರ್ಕೊಂಡ್ರಲ್ಲ, ಆಗ ಬಿಡಿಸಿದ್ವಿ."

ಮೂಲೆಯಲ್ಲಿ ಕೂತಿದ್ದ ಅಜ್ಜಿ, "ನನ್ನ ಸೊಂಟ ನೆಟ್ಟಗಾಗಿ ನಾಲ್ಕು ವರ್ಷ ಆಯ್ತು. ಮತ್ತೆ ಶಾಲೆಗೆ ಕಳಿಸಿದ್ದನ್ನ ಮಾತ್ರ ನಾನು ನೋಡ್ಲಿಲ್ಲ" ಎಂದಳು.

ಅಮ್ಮ ಸೆರಗು ಸರಿಮಾಡಿಕೊಂಡಳು. ಗೋಪಾಲಮ್ಮ ಕಾಫಿ ಲೋಟ ಕೆಳಗಿಟ್ಟು, ಒಳಬಾಗಿಲ ಕಡೆ ನೋಡಿ, ಮೆತ್ತಗೆ ಕೇಳಿದರು: "ದೊಡ್ಡ ಮಗಳು ಬಂದಿದ್ದಾಳೆ ಅಂತ ಕಾಣುತ್ತೆ. ಯಾವಾಗ ಹೊರಡ್ತಾಳೆ?"

ಅಪ್ಪ ಫ್ಯಾನಿನ ಕಡೆ ನೋಡಿದರು.

"ಹೊರಡ್ತಾಳೆ" ಎಂದಳು ಅಮ್ಮ.

"ನೋಡಿ, ನನ್ನ ಹತ್ತಿರ ಮುಚ್ಚುಮರೆ ಬೇಡ. ಅವಳು ಬಂದು ವರ್ಷದ ಮೇಲಾಯ್ತು ಅಂತ ಮೂಲೆ ಅಂಗಡಿಯೋರೇ ಹೇಳಿದ್ರು. ಏನಾಗಿದ್ರೂ ಪರವಾಗಿಲ್ಲ, ಏನು ಅಂತ ನಮಗೆ ಗೊತ್ತಿರಬೇಕು. ನಾಳೆ ನಮ್ಮ ಕಡೆಯೋರು ಕೇಳಿದ್ರೆ ನಾನು ಬಾಯಿ ಬಿಡ್ಬೇಕಲ್ಲ. ಯುಗಾದಿ ಕಳೀಲಿ, ಬರ್ತೀವಿ. ಅಷ್ಟರಲ್ಲಿ ಯೋಚನೆ ಮಾಡಿ ಹೇಳಿ."

ಅವರನ್ನು ಬಸ್ ಸ್ಟಾಪಿನವರೆಗೆ ಬಿಟ್ಟುಬಂದ ಅಪ್ಪ ಚಪ್ಪಲಿ ಬಿಡುತ್ತಲೇ ಅಮ್ಮನಿಗೆ ಹೇಳಿದರು. "ಹೇಳಿಬಿಡಬಹುದಿತ್ತು ಕಣೇ. ಪೂರ್ತಿ ಬೇಡ, ಮೇಲೆ ಮೇಲೆ."

"ಏನು ಹೇಳೋದು?"

"ಗೋದಾ ನಿನಗೆ ಹೇಳಿದ್ದಾಳಲ್ಲ, ಅದನ್ನೇ."

"ನನಗೆಲ್ಲಿ ಹೇಳಿದ್ದಾಳೆ? ನಿಮಗೆ ಹೇಳಿದ್ದಾಳೆ ಅಂದ್ಕೊಂಡಿದ್ದೆ ನಾನು."

"ನನಗಾ?"

ಇಬ್ಬರೂ ಅಜ್ಜಿಯನ್ನು ನೋಡಿದರು. "ನನ್ನ ಮುಖ ಯಾಕೆ ನೋಡ್ತೀರಾ? ನೀವು ಗಂಡ ಹೆಂಡತಿ ತಿಳ್ಕೊಂಡು ಸುಮ್ಮನಿದ್ದೀರಿ ಅಂತ ನಾನೂ ಸುಮ್ಮನಿದ್ದೆ" ಎಂದಳು ಅಜ್ಜಿ. ಅಣ್ಣ ಉಪೇಂದ್ರ ಕೈ ಮೇಲೆತ್ತಿ, "ನಂಗೂ ಗೊತ್ತಿಲ್ಲಪ್ಪ" ಎಂದ. ನನ್ನ ಕಡೆ ಯಾರೂ ತಿರುಗಲಿಲ್ಲ. ನನಗೂ ಗೊತ್ತಿರಲಿಲ್ಲ.

ಹಿತ್ತಲಲ್ಲಿ ಅಕ್ಕ ಬಂದವರ ತಟ್ಟೆ ಲೋಟ ತೊಳೆಯುತ್ತಿದ್ದಳು. ಆ ಸದ್ದು ನಿಂತಿತ್ತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.

ಅಕ್ಕನನ್ನು ಕೊಟ್ಟಿದ್ದು ಯಲಹಂಕಕ್ಕೆ, ಹಳೇ ಊರಿನಲ್ಲಿ ಸ್ವಂತ ಮನೆಯಿದ್ದ ಜಯಸಿಂಹ ಎಂಬವರಿಗೆ. ಮನೆಯಲ್ಲಿ ತಾಯಿ ಮಗ ಇಬ್ಬರೇ. ಮದುವೆಯಾಗಿ ಎರಡನೇ ವರ್ಷದ ಕಾರ್ತೀಕದಲ್ಲಿ ಒಂದು ಬೆಳಿಗ್ಗೆ ಅಕ್ಕ ಚೀಲ ಹಿಡಿದುಕೊಂಡು ಒಬ್ಬಳೇ ಬಂದಳು. ಅಮ್ಮ ಅತ್ತಳು, ಕಾಫಿ ಮಾಡಿಕೊಟ್ಟಳು. ಸುಧಾರಿಸಿಕೊಳ್ಳಲಿ, ಆಮೇಲೆ ಕೇಳೋಣ ಎಂದರು ಎಲ್ಲರೂ. ಆ ಆಮೇಲೆ ಬರಲೇ ಇಲ್ಲ. ಅಕ್ಕ ಮಾರನೆಯ ದಿನ ನಸುಕಿಗೇ ಎದ್ದು ನಲ್ಲಿ ನೀರು ಹಿಡಿದಳು, ಅನ್ನಕ್ಕಿಟ್ಟಳು. ಮನೆ ಸಲೀಸಾಗಿ ನಡೆಯತೊಡಗಿತು. ಅಮ್ಮನ ಬೆನ್ನುನೋವು ಕಡಿಮೆಯಾಯಿತು.

ಮೊದಲು ಕೇಳಿದವಳು ಅಮ್ಮ. ಅಡುಗೆಮನೆಯಲ್ಲಿ ಅಕ್ಕ ತೆಂಗಿನಕಾಯಿ ತುರಿಯುತ್ತಿದ್ದಳು, ನಾನು ಹುಣಿಸೇಹಣ್ಣು ಹಿಂಡುತ್ತಿದ್ದೆ. ಅಮ್ಮ ಆಗಲೇ ಕಣ್ಣೊರೆಸಿಕೊಂಡು ಬಂದಿದ್ದಳು.

"ಗೋದಾ, ಅವರೇನು ಹೊಡೆಯೋದು ಬಡಿಯೋದು ಮಾಡ್ತಿರ್ಲಿಲ್ಲ ಅಲ್ವಾ? ಅಂಥ ಜನ ಅಲ್ಲ ಅವರು."

"ಇಲ್ಲ."

"ಊಟಕ್ಕೆ ಉಡೋಕೆ ಏನೂ ಕಮ್ಮಿ ಇರ್ಲಿಲ್ಲ, ಅಲ್ವೇನೇ?"

"ಇಲ್ಲ."

"ಜಯಸಿಂಹನಿಗೆ ಕೆಟ್ಟ ಚಾಳಿ ಅಂತೂ ಇಲ್ಲ. ಒಂದು ಸಿಗರೇಟು ಸಹ ಸೇದಲ್ಲ. ಹೌದಾ?"

"ಹೌದು."

"ಮತ್ತಿನ್ನೇನೇ? ಅತ್ತೆ ಅಂದ್ಮೇಲೆ ಒಂದು ಮಾತು ಬರುತ್ತೆ, ಒಂದು ಹೋಗುತ್ತೆ. ನೀನೇ ಸ್ವಲ್ಪ ಅನುಸರಿಸ್ಕೊಂಡು..."

ಅಕ್ಕ ತುರಿದಿದ್ದನ್ನು ಬಟ್ಟಲಿಗೆ ಹಾಕಿ ಹಿತ್ತಲಿಗೆ ಹೋದಳು. ಅಮ್ಮ ನಡುಮನೆಗೆ ಬಂದು, "ಏನೂ ಇಲ್ಲವಂತೆ ಕಣ್ರೀ. ಕೇಳಿದ್ದಕ್ಕೆಲ್ಲ ಇಲ್ಲ ಇಲ್ಲ ಅಂದ್ಳು" ಎಂದಳು.

"ನೀನು ಇಲ್ಲ ಅಂತ ಹೇಳ್ಕೊಟ್ಟೆ, ಅವಳು ಇಲ್ಲ ಅಂದ್ಳು" ಎಂದಳು ಅಜ್ಜಿ. "ಕಿವಿ ಇಲ್ಲೇ ಇದೆ ನನಗೆ."

ಅಣ್ಣ ಬೆಳಿಗ್ಗೆ ಅಪ್ಪನ ಜೊತೆ ಯಶವಂತಪುರದ ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟು. ಸಂಜೆ ಕಾಲೇಜಿನಲ್ಲಿ ಲಾ ಓದುತ್ತಿದ್ದ. ಕೇಳುವುದು ಹೇಗೆಂದು ತಾನು ತೋರಿಸುತ್ತೇನೆಂದು ಭಾನುವಾರ ಊಟದ ಹೊತ್ತಿಗೆ ಶುರುಮಾಡಿದ. ಅಕ್ಕ ಹುಳಿ ಬಡಿಸುತ್ತಿದ್ದಳು.

"ಅಕ್ಕ, ನಾನು ಕೇಳಿದ್ದಕ್ಕೆ ಹೌದು ಅಥವಾ ಇಲ್ಲ, ಅಷ್ಟೇ ಹೇಳು. ನೀನು ಬಂದ ದಿನ ಆ ಮನೇಲಿ ಜಗಳ ಆಗಿತ್ತಾ?"

"ಮೊದಲು ಪ್ರಮಾಣ ಮಾಡಿಸಿ, ಲಾಯರ್ ಸಾಹೇಬ್ರೇ."

ಅಜ್ಜಿ ನಕ್ಕಳು. ಅಣ್ಣನ ಕಿವಿ ಕೆಂಪಾಯಿತು.

"ತಮಾಷೆ ಬೇಡ. ಜಗಳ ಆಗಿತ್ತಾ?"

"ಇಲ್ಲ."

"ಅವರು ಹೋಗು ಅಂದ್ರಾ?"

"ಇಲ್ಲ."

"ಅಂದ್ರೆ ಯಾರೂ ಹೋಗು ಅನ್ನದೆ, ಜಗಳಾನೂ ಆಗದೆ, ನೀನಾಗೇ ಬಂದೆ. ಒಪ್ಕೋತೀಯಾ?"

"ಒಪ್ಕೊಂಡೆ. ಇನ್ನೊಂದು ಸೌಟು ಹಾಕ್ಲಾ?"

"ನಿನಗೇನು, ಹುಳಿ ಹಾಕ್ಕೊಂಡಿರ್ತೀಯ! ಇಲ್ಲಿ ತುಂಗಾ ಮದುವೆ ನಿಂತುಹೋಗುತ್ತೆ ನಿನ್ನಿಂದ, ಗೊತ್ತಾ?"

ಅಕ್ಕ ಸೌಟನ್ನು ಪಾತ್ರೆಯಲ್ಲಿಟ್ಟಳು. ನನ್ನ ಕಡೆ ನೋಡಿದಳು. ನಾನು ತಟ್ಟೆಯಲ್ಲಿದ್ದ ಕರಿಬೇವಿನ ಎಲೆಗಳನ್ನು ಒಂದು ಕಡೆ ಸೇರಿಸತೊಡಗಿದೆ. ಅವಳು ಒಳಗೆ ಹೋದ ಮೇಲೆ ಅಜ್ಜಿ, "ನೀನು ಲಾಯರ್ ಆದ್ರೆ ನಿನ್ನ ಕಕ್ಷಿದಾರನೇ ಜೈಲಿಗೆ ಹೋಗೋದು ಕಣೋ" ಎಂದಳು. ಅಣ್ಣ ಮಜ್ಜಿಗೆ ಅನ್ನ ಬಿಟ್ಟು ಎದ್ದ. ಅವತ್ತು ಅಕ್ಕ ಎಲ್ಲರದೂ ಆದಮೇಲೆ ಒಬ್ಬಳೇ ಕೂತು ಉಂಡಳು. ನಾನು ಅವಳ ಜೊತೆ ಹೋಗಿ ಕೂರಬಹುದಿತ್ತು. ಏನು ಮಾತಾಡಬೇಕೆಂದು ತಿಳಿಯದೆ ಒಗೆದ ಬಟ್ಟೆ ಮಡಚುತ್ತ ಕೂತೆ.

ಮಾರನೆಯ ವಾರ ಅಣ್ಣನೇ ಒಂದು ಉಪಾಯ ತಂದ. "ಭಾವ ಅಬುಧಾಬಿಗೆ ಹೋಗಿದ್ದಾರೆ ಅಂತ ಹೇಳೋಣ. ಈಗ ಎಲ್ಲರ ಮನೇಲೂ ಯಾರೋ ಒಬ್ಬರು ಹೋಗಿರ್ತಾರೆ. ಗಂಡ ಬರೋವರೆಗೂ ಹೆಂಡತಿ ತವರಲ್ಲಿರೋದು ವಾಡಿಕೆ. ಯಾರೂ ಕೇಳಲ್ಲ."

ಅಮ್ಮನಿಗೆ ಹಿಡಿಸಿತು. ಅಪ್ಪ ಬೇಡ ಎನ್ನಲಿಲ್ಲ.

"ಹಾಗಾದ್ರೆ ನಾನೇ ಗೋಪಾಲಮ್ಮ ಅಂದ್ಕೋ" ಎಂದಳು ಅಜ್ಜಿ, ಗೋಡೆಗೆ ನೆಟ್ಟಗೆ ಒರಗಿಕೊಂಡು. "ಅಳಿಯಂದ್ರು ಎಲ್ಲಿದ್ದಾರೆ?"

"ಅಬುಧಾಬಿಯಲ್ಲಿ" ಎಂದಳು ಅಮ್ಮ.

"ಸಂತೋಷ. ಏನು ಕೆಲಸ?"

"ಕೆಲಸ... ಆಫೀಸು."

"ಯಾವ ಆಫೀಸು?"

ಅಮ್ಮ ಅಣ್ಣನ ಮುಖ ನೋಡಿದಳು. "ಎಣ್ಣೆ ಕಂಪನಿ" ಎಂದ ಅಣ್ಣ.

"ಓ, ಎಣ್ಣೆ ಕಂಪನಿ! ಕಾಗದ ಬರುತ್ತಾ? ನಮ್ಮ ಚನ್ನಕೇಶವ ಸ್ಟಾಂಪ್ ಕೂಡಿಸ್ತಾನೆ, ಹೊರದೇಶದ್ದು ಒಂದೆರಡು ಹರ್ಕೊಡಿ."

"ಅವರು ಸ್ಟಾಂಪ್ ಕೂಡಿಸ್ತಾರಾ?" ಎಂದಳು ಅಮ್ಮ ಗಾಬರಿಯಾಗಿ.

"ನಂಗೇನು ಗೊತ್ತೇ? ಕೂಡಿಸಿದ್ರೆ ಏನ್ಮಾಡ್ತೀಯಾ?"

ಅಕ್ಕ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಡದೆ ಹೇಳಿದಳು. "ಅಬುಧಾಬೀಲಿ ಸೀಮೆಎಣ್ಣೆಗೆ ಕ್ಯೂ ನಿಲ್ಲೋ ಹಾಗಿಲ್ಲವಂತೆ. ಯಾರನ್ನಾದ್ರೂ ಕಳಿಸೋದಿದ್ರೆ ನನ್ನನ್ನೇ ಕಳಿಸಿ."

ಅಜ್ಜಿ ನಕ್ಕಳು, ನನಗೂ ನಗು ಬಂತು. ಅಪ್ಪ ನಗಲಿಲ್ಲ. ಮಗಳ ಎದುರಿಗೇ ಕೂತು ಮಗಳ ವಿಷಯದಲ್ಲಿ ಸುಳ್ಳು ಹೊಂದಿಸುತ್ತಿದ್ದೆವೆಂದು ಅವರಿಗೆ ಆಗ ಹೊಳೆಯಿತೋ ಏನೋ, ಎದ್ದು ಅಂಗಿ ಹಾಕಿಕೊಂಡು ಹೊರಗೆ ಹೋಗಿಬಿಟ್ಟರು.

ಅಪ್ಪನೂ ಆ ವಾರದಲ್ಲಿ ಪ್ರಯತ್ನ ಮಾಡದೆ ಇರಲಿಲ್ಲ. ಆಫೀಸಿನಿಂದ ಬಂದು ಕೈಕಾಲು ತೊಳೆದು ಅಕ್ಕನ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಗಂಟಲು ಸರಿಮಾಡಿಕೊಳ್ಳುತ್ತಿದ್ದರು. "ಗೋದಾ, ಮಾವಿನಕಾಯಿ ಬಂತಲ್ಲ ಮಾರ್ಕೆಟ್ಟಿಗೆ." "ಬಂತು ಅಪ್ಪ." "ಉಪ್ಪಿನಕಾಯಿಗೆ ಇನ್ನೂ ಬೇಗ ಆಯ್ತೋ ಏನೋ." "ಇನ್ನೊಂದು ತಿಂಗಳು ಹೋಗ್ಲಿ." "ಹೂಂ, ಹೋಗ್ಲಿ." ಹೀಗೆ ಮಾವಿನಕಾಯಿ ಮುಗಿದು, ರೇಷನ್ ಸಕ್ಕರೆ ಮುಗಿದು, ನಲ್ಲಿಯ ವಾಷರು ಮುಗಿದು, ಅಪ್ಪ ವಾಪಸಾಗುತ್ತಿದ್ದರು.

ಶನಿವಾರ ಅಜ್ಜಿ ತಡೆಯಲಾರದೆ ಅವರನ್ನು ಹತ್ತಿರ ಕರೆದಳು. ನಾನು ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ.

"ಸುಬ್ಬು, ಕೇಳೋದು ಅನ್ನೋದು ನಿನಗೆ ಮೊದಲಿಂದ್ಲೂ ಬರಲ್ಲ ಕಣೋ. ಗೋದಾ ಸಂಬಂಧ ವಿಚಾರಿಸೋಕೆ ಯಲಹಂಕಕ್ಕೆ ಹೋಗಿದ್ದೆಯಲ್ಲ, ಬಂದು ಏನು ಹೇಳಿದೆ?"

"ಆ ಬೀದಿಯೋರೆಲ್ಲ ಒಳ್ಳೇ ಹುಡುಗ ಅಂದ್ರು."

"ಯಾರೋ ದಿನಸಿ ಅಂಗಡಿಯೋರು ಏನಂದ್ರು ಅಂದಿದ್ದೆ?"

"ಗುರುಪಾದಪ್ಪನವರು. 'ಪಾಪ, ತಾಯಿ ಹಾಕಿದ ಗೆರೆ ದಾಟೋ ಹುಡುಗ ಅಲ್ಲ' ಅಂದ್ರು." ಅಪ್ಪ ಇದನ್ನು ಮದುವೆಗೆ ಮುಂಚೆ ಎಷ್ಟು ಜನಕ್ಕೆ ಹೇಳಿಕೊಂಡಿದ್ದರೋ. ತಾಯಿ ಮಾತು ಮೀರದ ಅಳಿಯ ಸಿಕ್ಕ ಎಂದು.

"ಪಾಪ ಅಂದ್ರಲ್ಲ, ಯಾಕೆ ಪಾಪ ಅಂತ ಕೇಳಿದೆಯಾ?"

ಅಪ್ಪ ಎಣ್ಣೆ ಬಟ್ಟಲನ್ನು ನನ್ನ ಕಡೆ ಸರಿಸಿದರು.

"ಒಳ್ಳೇ ಹುಡುಗ ಅನ್ನೋದಕ್ಕೆ ಪಾಪ ಯಾಕೆ ಬೇಕು? ನಾನೂ ಅವತ್ತು ಕೇಳ್ಲಿಲ್ಲ. ಸ್ವಂತ ಮನೆ ಅಂದೆ, ಅಲ್ಲಿಗೇ ನನ್ನ ಕಿವಿ ಮುಚ್ಚಿಹೋಯ್ತು." ಅಜ್ಜಿ ಕಾಲು ಎಳೆದುಕೊಂಡಳು. "ಈಗ್ಲಾದ್ರೂ ಕೇಳು. ಎದುರಿಗೆ ನಿಂತ್ಕೊಂಡು ಕೇಳ್ಬೇಡ, ಏನಾದ್ರೂ ಕೆಲಸ ಮಾಡ್ತಾ ಕೇಳು. ಆಮೇಲೆ ಬಾಯಿ ಮುಚ್ಕೊಂಡಿರು. ಅವಳು ಸುಮ್ಮನಾದ್ಲು ಅಂತ ನೀನು ಮಾವಿನಕಾಯಿಗೆ ಹೋಗ್ಬೇಡ."

ಯುಗಾದಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆಯುವುದಿರುತ್ತದೆ. ಮಾರನೆಯ ದಿನ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಅಕ್ಕ ನಾನು ದೊಡ್ಡ ಜಮಖಾನ ಹಿಂಡುತ್ತಿದ್ದೆವು. ಅದನ್ನು ಹಿಂಡಲು ಇಬ್ಬರು ಬೇಕು. ಒಬ್ಬರು ಬಲಕ್ಕೆ ತಿರುಚಿದರೆ ಇನ್ನೊಬ್ಬರು ಎಡಕ್ಕೆ. ಅಪ್ಪ ಬಂದು ಪಂಚೆ ಮೇಲೆ ಕಟ್ಟಿ, "ಬಿಡು ತುಂಗಾ, ನಿನ್ನ ಕೈಲಿ ಆಗಲ್ಲ" ಎಂದು ನನ್ನ ಕೈಯಿಂದ ಆ ತುದಿ ತೆಗೆದುಕೊಂಡರು. ನಾನು ದಿಂಬಿನ ಚೀಲಗಳನ್ನು ಜಾಲಿಸುತ್ತ ಕೂತೆ.

ಸ್ವಲ್ಪ ಹೊತ್ತು ಇಬ್ಬರೂ ತಿರುಚಿದರು. ನೀರು ಸುರಿಯಿತು.

"ಯಲಹಂಕಕ್ಕೆ ಬಂದಾಗೆಲ್ಲ ನಾನು ಕೇಳ್ತಿದ್ದೆ, ಹೇಗಿದ್ದೀಯಮ್ಮ ಅಂತ" ಎಂದರು ಅಪ್ಪ.

"ಕೇಳ್ತಿದ್ರಿ. ಅವರಮ್ಮ ಪಕ್ಕದಲ್ಲಿ ಕೂತಿರುವಾಗ."

ಅಪ್ಪ ಬಾಯಿ ತೆರೆದರು, ಮುಚ್ಚಿದರು. ಜಮಖಾನದ ಇನ್ನೊಂದು ಮಡಿಕೆ ಹಿಡಿದುಕೊಂಡರು.

"ಒಂದು ಸಲ ನಿಮ್ಮನ್ನ ಬಾಗಿಲವರೆಗೆ ಬಿಡೋಕೆ ಬಂದೆ. ಅಲ್ಲಿ ಕೇಳ್ತೀರೇನೋ ಅಂದ್ಕೊಂಡೆ. ಬಸ್ಸಿಗೆ ಹೊತ್ತಾಯ್ತು ಅಂದ್ರಿ."

ಅಪ್ಪ ಮಾತಾಡಲಿಲ್ಲ. ಈ ಸಲ ಗಂಟಲೂ ಸರಿಮಾಡಿಕೊಳ್ಳಲಿಲ್ಲ. ನಾನು ಎದ್ದು ಹೋಗಬೇಕೋ ಏನೋ ಎಂದು ಅರ್ಧ ಎದ್ದೆ. "ನೀನು ಇರೇ" ಎಂದಳು ಅಕ್ಕ.

ಆಮೇಲೆ ಹೇಳಿದಳು. ಜಮಖಾನ ನೋಡುತ್ತ ಹೇಳಿದಳು.

"ಮದುವೆಯಾದ ಮೂರನೇ ದಿನ ಅವರು ಹೇಳಿದ್ರು, 'ನನ್ನನ್ನ ಯಾರೂ ಕೇಳ್ಲಿಲ್ಲ, ಅಮ್ಮ ಒಪ್ಕೊಂಡ್ಲು, ನಾನು ಬಂದು ಕೂತೆ' ಅಂತ. ಅಷ್ಟೇ. ಆಮೇಲೆ ಅವರು ನನ್ನ ಹತ್ತಿರ ಮಾತಾಡಿದ್ದೇ ಇಲ್ಲ. ಬೈಯ್ಯಲೂ ಇಲ್ಲ. ಮಜ್ಜಿಗೆ ಪಾತ್ರೆ ಹಿಡ್ಕೊಂಡು ನಾನು ಎದುರಿಗೇ ನಿಂತಿರ್ತಿದ್ದೆ. 'ಅಮ್ಮ, ಮಜ್ಜಿಗೆ ಬೇಡ ಅಂತ ಅವಳಿಗೆ ಹೇಳು' ಅನ್ನೋರು. ನನ್ನ ಕೋಣೆಗೆ ಅವರು ಒಂದು ದಿನವೂ ಬಂದವರಲ್ಲ."

ಅಪ್ಪನ ಕೈ ನಿಂತಿತು.

"ವರ್ಷ ಆದ್ಮೇಲೆ ಅವರಮ್ಮ ಮಕ್ಕಳಾಗ್ಲಿಲ್ಲ ಅಂತ ಶುರುಮಾಡಿದ್ರು. ಬೀದಿಯೋರಿಗೆಲ್ಲ ಹೇಳಿದ್ರು. ಅರಳೀಮರ ಸುತ್ತು ಅಂದ್ರು. ಸುತ್ತಿದೆ. ಬೆಳಿಗ್ಗೆ ಚಳೀಲಿ, ಒದ್ದೆ ಸೀರೇಲಿ. ನಮ್ಮಮ್ಮನೂ ಹೇಳಿಕಳಿಸಿದ್ಲಲ್ಲ, ಒಂದು ದಿನವೂ ತಪ್ಪಿಸಬೇಡ ಅಂತ. ನಾನು ಸುತ್ತೋದು ನಿಮ್ಮ ಅಳಿಯಂದ್ರು ದಿನಾ ನೋಡ್ತಿದ್ರು. ಯಾಕೆ ಆಗ್ಲಿಲ್ಲ ಅಂತ ಅವರಿಗೆ ಗೊತ್ತು, ನನಗೆ ಗೊತ್ತು. ಒಂದು ದಿನ ಸುತ್ತಿ ಬಂದು ಅವರಮ್ಮ ಹೇಳಿದ್ರು ಅಂತ ಪ್ರಸಾದದ ಹೂವು ಅವರ ಕೈಗೆ ಕೊಟ್ಟೆ. ತಗೊಂಡ್ರು. ಕಣ್ಣಿಗೆ ಒತ್ಕೊಂಡ್ರು. ಭಕ್ತಿಯಿಂದ ಒತ್ಕೊಂಡ್ರು ಅಪ್ಪ. ನಾನು ಆ ಒದ್ದೆ ಸೀರೆ ಬಿಚ್ಚಿ ಬೇರೆ ಉಟ್ಕೊಂಡು ಚೀಲ ತಗೊಂಡೆ."

ಅಪ್ಪನ ಕೈಯಲ್ಲಿದ್ದ ತುದಿ ಜಾರಿ ನೆಲಕ್ಕೆ ಬಿತ್ತು. "ಅಯ್ಯೋ, ಮಣ್ಣಾಯ್ತು" ಎಂದಳು ಅಕ್ಕ. ಅದನ್ನು ಮತ್ತೆ ನೆನೆಸಿ ಒಗೆಯಬೇಕಾಯಿತು. ಅಪ್ಪನೇ ಒಗೆದರು. ಬೇಡವೆಂದರೂ ಕೇಳಲಿಲ್ಲ.

ಅಪ್ಪ ಅಮ್ಮನಿಗೆ ಹೇಳಿದ್ದು ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು. ಅಮ್ಮ ಬಹಳ ಹೊತ್ತು ಹೊರಗೆ ಬರಲಿಲ್ಲ. ಅವತ್ತು ಅವಳು ಅಕ್ಕನಿಗೆ ತಾನೇ ಬಡಿಸಿದಳು, ಬೇಡವೆಂದರೂ ಅನ್ನಕ್ಕೆ ತುಪ್ಪ ಹಾಕಿದಳು. ಮುಖ ಎತ್ತಿ ಮಾತ್ರ ನೋಡಲಿಲ್ಲ. ಅಣ್ಣನಿಗೆ ಎಷ್ಟು ತಿಳಿಯಿತೋ, ಸೀಮೆಎಣ್ಣೆ ಕ್ಯಾನು ತಗೊಂಡು ತಾನೇ ಕ್ಯೂಗೆ ಹೋದ.

"ಇದನ್ನ ಗೋಪಾಲಮ್ಮನಿಗೆ ಹೇಗೆ ಹೇಳೋದು?" ಎಂದಳು ಅಮ್ಮ ಯುಗಾದಿಯ ಹಿಂದಿನ ದಿನ. "ಬಾಯಿ ಬಿಟ್ಟು ಹೇಳೋ ಮಾತಾ ಇದು? ಆ ಅಬುಧಾಬೀನೇ ಆಗ್ಲಿ."

"ಅಬುಧಾಬಿ ಇಲ್ಲ" ಎಂದರು ಅಪ್ಪ.

ಹಬ್ಬ ಕಳೆದ ಮೂರನೆಯ ದಿನ ಅವರು ಬಂದರು. ಬೆಳಿಗ್ಗೆ ಅಪ್ಪ ನನ್ನನ್ನು ಬಾವಿಯ ಹತ್ತಿರ ಕರೆದು, "ತುಂಗಾ, ನಿನ್ನನ್ನೂ ನಾನು ಕೇಳಿಲ್ಲ. ನಿನಗೆ ಒಪ್ಪಿಗೆ ಇದೆಯೇನಮ್ಮ?" ಎಂದಿದ್ದರು. "ನೀವು ಹೇಳಿದ ಹಾಗೆ" ಎಂದೆ. ನಾಲಿಗೆಗೆ ಅದೇ ಬಂತು. ಅಪ್ಪ ಇನ್ನೂ ಸ್ವಲ್ಪ ಹೊತ್ತು ಕಾದರು. ನನಗೆ ನಾಚಿಕೆಯಾಗಿ ಕೊಡ ತುಂಬಿಕೊಂಡು ಒಳಗೆ ಬಂದೆ.

ನಡುಮನೆಯಲ್ಲಿ ಒಬ್ಬಟ್ಟು ಬಡಿಸಿದ್ದಾಯಿತು. ಗೋಪಾಲಮ್ಮ ಕೈ ತೊಳೆದು ಬಂದು, "ಸರಿ, ಅವತ್ತು ಕೇಳಿದ್ದೆನಲ್ಲ" ಎಂದರು.

"ನಿಮ್ಮನ್ನ ಕಾಯಿಸಿದ್ದಕ್ಕೆ ಕ್ಷಮಿಸಿ" ಎಂದರು ಅಪ್ಪ. "ಗೋದಾ ಮದುವೆಗೆ ಮುಂಚೆ ನಾನು ಬೀದಿಯೋರನ್ನೆಲ್ಲ ವಿಚಾರಿಸಿದೆ. ನಿನಗೆ ಮನಸ್ಸಿದೆಯೇನಪ್ಪ ಅಂತ ಹುಡುಗನನ್ನ ಮಾತ್ರ ಕೇಳ್ಲಿಲ್ಲ. ಅವರಿಗೆ ಇರ್ಲಿಲ್ಲ. ಅದಕ್ಕೇ ಅವಳು ಬಂದಿದ್ದಾಳೆ. ಅದಕ್ಕಿಂತ ಹೆಚ್ಚಿಗೆ ಹೇಳೋದು ಬಿಡೋದು ಅವಳಿಗೆ ಸೇರಿದ್ದು. ಎಷ್ಟು ದಿನ ಬೇಕಾದ್ರೂ ಇಲ್ಲೇ ಇರ್ತಾಳೆ. ಇದು ಅವಳ ಮನೆ."

ಅಮ್ಮ ಕಣ್ಣು ಮುಚ್ಚಿಕೊಂಡಳು.

"ಅಷ್ಟೇನಾ?" ಎಂದರು ಗೋಪಾಲಮ್ಮ. "ನಮಗೇನೂ ತೊಂದರೆ ಇಲ್ಲ ಬಿಡಿ. ಹುಡುಗಿ ಒಪ್ಪಿಗೆಯಾಗಿದ್ದಾಳೆ. ಪಂಚಾಂಗ ತೆಗೀರಿ."

ಅಮ್ಮ ಎಷ್ಟು ಬೇಗ ಎದ್ದಳೆಂದರೆ ಕಾಲಿಗೆ ಸೀರೆ ಸಿಕ್ಕಿತು. ಕುಂಕುಮದ ಬಟ್ಟಲು ತರಲು ಒಳಗೆ ಹೋದಳು. ಆಗ ಅಪ್ಪ, "ಇನ್ನೊಂದು ಮಾತು. ಹುಡುಗ ಹುಡುಗಿ ಇಬ್ಬರೇ ಒಂದು ಹತ್ತು ನಿಮಿಷ ಮಾತಾಡ್ಲಿ" ಎಂದರು.

"ಏನು, ಸಿನಿಮಾದಲ್ಲಿ ಮಾಡ್ತಾರಲ್ಲ ಹಾಗಾ? ನಮ್ಮ ಹುಡುಗನಿಗೆ ಇಂಟರ್‌ವ್ಯೂನಾ?"

"ಹಾಗೇ ಅಂದ್ಕೊಳ್ಳಿ" ಎಂದಳು ಅಜ್ಜಿ. "ಆಫೀಸಿಗೆ ತಗೊಳ್ಳೋವಾಗ ಕೊಟ್ಟಿಲ್ವಾ? ಅಲ್ಲಾದ್ರೆ ಸಂಜೆ ಮನೆಗೆ ಬಿಡ್ತಾರೆ."

ಚನ್ನಕೇಶವ ಅತ್ತೆಯ ಮುಖ ನೋಡಿದರು. ಆಕೆ ತಲೆ ಆಡಿಸಿದ ಮೇಲೆ ಎದ್ದರು.

ಹಿತ್ತಲಲ್ಲಿ ಅವರು ಒಗೆಯುವ ಕಲ್ಲಿನ ಈಚೆ ನಿಂತರು, ನಾನು ಬಾವಿಯ ಕಟ್ಟೆಗೆ ಒರಗಿ ನಿಂತೆ. ನನಗೆ ಕೈ ಎಲ್ಲಿಡುವುದೆಂದು ತಿಳಿಯಲಿಲ್ಲ. ಅವರಿಗೂ ತಿಳಿಯಲಿಲ್ಲ. ಪಕ್ಕದ ಮನೆಯ ರೇಡಿಯೋದಲ್ಲಿ ಕೃಷಿ ಕಾರ್ಯಕ್ರಮ ಬರುತ್ತಿತ್ತು.

"ನೀವೇನಾದ್ರೂ ಕೇಳೋದಿದೆಯಾ?" ಎಂದರು ಅವರು ಕೊನೆಗೆ. ಧ್ವನಿ ಮೃದುವಾಗಿತ್ತು.

ಎಷ್ಟು ಹುಡುಕಿದರೂ ಕೇಳುವಂಥ ಮಾತು ಒಂದೂ ಬರಲಿಲ್ಲ. ಮುಖ ಸುಡುತ್ತಿತ್ತು.

"ನಂಗೆ ಕೇಳೋಕೆ ಬರಲ್ಲ" ಎಂದೆ. "ನಾನು ಕೇಳ್ಬೇಕಾಗಿರೋದು ಏನಾದ್ರೂ ಇದ್ರೆ ನೀವೇ ಹೇಳಿಬಿಡಿ."

ಅವರು ಥಟ್ಟನೆ ತಲೆ ಎತ್ತಿದರು. ಅವರ ಮುಖವನ್ನು ನಾನು ಪೂರ್ತಿ ನೋಡಿದ್ದು ಆಗಲೇ. ಒಳ್ಳೆಯ ಮುಖ. ಆ ಮುಖ ನಿಧಾನವಾಗಿ ಕೆಂಪಾಯಿತು. ಏನೂ ಇಲ್ಲ ಎಂದುಬಿಡಬಹುದಿತ್ತು. ನಾನು ಇನ್ನೇನಾದರೂ ಮಾತಾಡಿದ್ದರೆ ಹಾಗೇ ಎನ್ನುತ್ತಿದ್ದರೋ ಏನೋ. ನನಗೆ ಮಾತು ಬರುವ ಹಾಗೇ ಇರಲಿಲ್ಲ.

"ಒಂದಿದೆ" ಎಂದರು. "ನಮ್ಮತ್ತೆ ಹೇಳಿದ್ದಾರೆ... ನಿಮ್ಮಕ್ಕ ಇಲ್ಲಿರೋವರೆಗೂ, ಮದುವೆ ಆದ್ಮೇಲೆ ನೀವು ಈ ಮನೆಗೆ ಬರೋ ಹಾಗಿಲ್ಲ ಅಂತ. ಬಾಣಂತನಕ್ಕೂ ಅಷ್ಟೇ. ಅವರ ಗಾಳಿ ಬೀಸಬಾರದಂತೆ. ಧಾರೆ ಆದ್ಮೇಲೆ ಹೇಳೋಣ, ಈಗ ಬೇಡ ಅಂತ."

"ನೀವೇನಂದ್ರಿ?"

ಆ ಪ್ರಶ್ನೆ ಹೇಗೆ ಬಂತೋ ನನಗೆ ಗೊತ್ತಿಲ್ಲ.

"ನಾನಾ?" ಅವರು ಒಗೆಯುವ ಕಲ್ಲನ್ನು ನೋಡಿದರು. "ನಾನು ಏನೂ ಅನ್ಲಿಲ್ಲ. ನಮ್ಮತ್ತೆ ನನ್ನ ಸಾಕಿದವರು."

ಅವರಿಗೆ ನಾಚಿಕೆಯಾಗಿತ್ತು. ಸುಳ್ಳು ಹೇಳುವ ಮನುಷ್ಯನಲ್ಲ. ಅದು ನನಗೆ ಇವತ್ತಿಗೂ ಗೊತ್ತು. "ನಿಜ ಹೇಳಿದ್ರಲ್ಲ" ಎಂದು ಕೈ ಮುಗಿದೆ.

ಒಳಗೆ ಬಂದಾಗ ಅಮ್ಮ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಬಾಳೆಲೆಯಲ್ಲಿ ಒಬ್ಬಟ್ಟು ಕಟ್ಟುತ್ತಿದ್ದಳು, ಅವರು ತೆಗೆದುಕೊಂಡು ಹೋಗಲೆಂದು. ಮೆತ್ತಗಿರುವುದನ್ನು ಆರಿಸಿ ಆರಿಸಿ ಇಡುತ್ತಿದ್ದಳು.

"ಅಪ್ಪ, ನಂಗೆ ಒಪ್ಪಿಗೆ ಇಲ್ಲ" ಎಂದೆ.

"ಏನಂದೆ?" ಎಂದಳು ಅಮ್ಮ. ಗೋಪಾಲಮ್ಮ ಸೋದರಳಿಯನ ಮುಖ ನೋಡಿದರು. ಅವರು ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದರು.

"ಯಾಕೇ? ಏನಾಯ್ತೇ? ಏನಂದ್ರು ಅವರು? ಬಾಯಿ ಬಿಡೇ!"

ಅಕ್ಕ ಕಟ್ಟುತ್ತಿದ್ದ ಕೈ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದಳು. ನಾನು ನೆಲ ನೋಡಿದೆ.

"ಎಲ್ಲರ ಎದುರಿಗೆ ಕೇಳ್ಬೇಡ" ಎಂದರು ಅಪ್ಪ ಅಮ್ಮನಿಗೆ. "ಬೇಡ ಅಂದ್ಳಲ್ಲ, ಸಾಕು."

ಗೋಪಾಲಮ್ಮ ಹೋಗುವಾಗ ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಬೀದಿಯ ಮೂರು ಮನೆಗೆ ಕೇಳಿಸಿತು. ಅಮ್ಮ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಕಾರಣ ಅಪ್ಪನಿಗೆ ಮಾತ್ರ ಹೇಳಿದ್ದೆ, ಅವರು ಯಾರಿಗೂ ಹೇಳುವುದಿಲ್ಲ ಎಂದರು.

ಮಾರನೆಯ ಬೆಳಿಗ್ಗೆ ನಾನು ಅಕ್ಕ ಹಿತ್ತಲಲ್ಲಿ ಪಾತ್ರೆಗೆ ಕೂತೆವು. ಅವಳು ಬೂದಿ ಹಚ್ಚಿ ಕೊಡುತ್ತಿದ್ದಳು, ನಾನು ತೊಳೆದು ಕವುಚುತ್ತಿದ್ದೆ. ಹೂರಣ ಮಾಡಿದ ಬಾಣಲೆ ಬರುವವರೆಗೆ ಅವಳು ಏನೂ ಕೇಳಲಿಲ್ಲ.

"ಯಾಕೆ ಬೇಡ ಅಂದೆ?"

ಅಷ್ಟು ಕೇಳಿ ಸುಮ್ಮನೆ ಬಾಣಲೆ ಉಜ್ಜುತ್ತ ಕೂತಳು. ಅವಳು ಕಾಯುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಇನ್ನು ಸ್ವಲ್ಪ ಹೊತ್ತು ಹಾಗೇ ಕೂತಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆ.

"ಅವರ ಮೂಗು ಚೆನ್ನಾಗಿಲ್ಲ" ಎಂದೆ.

ಅಕ್ಕ ನಕ್ಕಳು. ತವರಿಗೆ ಬಂದ ಮೇಲೆ ಅವಳು ಹಾಗೆ ಬಾಯ್ತುಂಬ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. "ಮೂಗಾ? ಮೂಗು ನೆಟ್ಟಗೇ ಇತ್ತಲ್ಲೇ, ನಾನೂ ನೋಡಿದೆ."

ನಗು ನಿಂತಿತು. ಬಾಣಲೆಯ ಮೇಲೆ ಕೈಯೂ ನಿಂತಿತು.

"ನನ್ನ ವಿಷಯಕ್ಕಾ?"

"ಅಲ್ಲ" ಎಂದೆ. ಬಹಳ ಬೇಗ ಅಂದುಬಿಟ್ಟೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. ನಾನು ತಲೆ ಎತ್ತಲಿಲ್ಲ. ನಲ್ಲಿಯ ಕೆಳಗಿದ್ದ ಬಕೆಟ್ಟು ತುಂಬಿ ಸುತ್ತ ಚೆಲ್ಲುತ್ತಿತ್ತು. ಇಬ್ಬರೂ ಎದ್ದು ನಿಲ್ಲಿಸಲಿಲ್ಲ.

"ಹೂಂ" ಎಂದಳು ಅಕ್ಕ ಕೊನೆಗೆ, ಬಾಣಲೆಯನ್ನು ನನ್ನ ಕಡೆ ತಳ್ಳಿ. "ಆ ಮೂಗು ಹೇಗಿತ್ತು, ಹೇಳು."

ನಾನು ಹೇಳತೊಡಗಿದೆ.